ದುಂಬಿಯ ಜೊತೆ ಅದರ ಊರನ್ನೂ ಬರೆದಿಡಿ

ಓದುಗರ ಪ್ರಶ್ನೆ, ಕೀಟಾಸಕ್ತರ ಉತ್ತರ

(ದುಂಬಿಗಳ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗು ಜಿಲ್ಲೆಯವು. ನಾಪೋಕ್ಲು ಸಮೀಪದ ಕಾಫಿ ತೋಟದಲ್ಲಿದ್ದುಕೊಂಡು ಬಹುಕಾಲದಿಂದ ದುಂಬಿಗಳನ್ನು ಗಮನಿಸುತ್ತಿರುವ ನಮ್ಮ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ. – ಸಂ.)

ಪ್ರಶ್ನೆ: ನಾನು ಪದವಿ ತರಗತಿಯ ವಿದ್ಯಾರ್ಥಿನಿ. ದುಂಬಿಗಳನ್ನು ಅಭ್ಯಾಸ ಮಾಡಬೇಕೆಂಬ ಆಸೆಯಿದೆ. ನಮ್ಮದು ಮೂರು ಎಕರೆ ರೋಬಸ್ಟಾ ತೋಟ, ಕಾಡು ದೂರ. ಎಲ್ಲಿ, ಯಾವ ಕಾಲದಲ್ಲಿ ಹುಡುಕಬೇಕು? ಯಾವುದರಿಂದ ಆರಂಭಿಸಬೇಕು? – ಓದುಗರು, ಪೊನ್ನಂಪೇಟೆ

ಉತ್ತರ: ಮೂರು ಎಕರೆ ಧಾರಾಳವಾಗಿ ಸಾಕು. ಜಗತ್ತಿನಲ್ಲಿ ಇದುವರೆಗೆ ವಿವರಿಸಿ ಹೆಸರಿಟ್ಟಿರುವ ದುಂಬಿ ಪ್ರಭೇದಗಳು ಸುಮಾರು 4 ಲಕ್ಷ. ಹೆಸರು ಪಡೆದಿರುವ ಒಟ್ಟು ಪ್ರಾಣಿಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಇವೇ. ಮುಂದಿನ ಜೋಡಿ ರೆಕ್ಕೆ ಗಟ್ಟಿ ಕವಚವಾಗಿ, ಬೆನ್ನಿನ ನಡುವೆ ಒಂದು ನೇರ ಗೆರೆಯಲ್ಲಿ ಕೂಡಿಕೊಂಡಿದ್ದರೆ ಅದು ದುಂಬಿ. ಹಾರುವ ರೆಕ್ಕೆ ಆ ಕವಚದ ಅಡಿಯಲ್ಲಿ ಮಡಿಸಿಕೊಂಡಿರುತ್ತದೆ. ಈ ಗುರುತು ಹಿಡಿದು ನೋಡಿದರೆ ಗುಲಗಂಜಿ ಹುಳು, ಸಗಣಿ ಹುಳು, ಮಿಂಚುಹುಳ, ಅಕ್ಕಿಯ ಮೂತಿಹುಳು, ಕಾಫಿಯ ಕಾಯಿಕೊರಕ ಎಲ್ಲವೂ ದುಂಬಿಗಳೇ. ಹೂವಿನ ಸುತ್ತ ಗುಂಯ್‌ಗುಡುವ ಕಪ್ಪು ಬಡಗಿಜೇನಿಗೆ ಇಂಥ ಕವಚವಿಲ್ಲ. ಅದು ಜೇನಿನ ಬಳಗಕ್ಕೆ ಸೇರಿದ್ದು.

ಅಡುಗೆಮನೆಯಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಹುಳು ಬಿದ್ದ ಹೆಸರುಕಾಳನ್ನು ಎಸೆಯುವ ಮೊದಲು ಒಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿಡಿ. ಭೂತಗನ್ನಡಿಯಲ್ಲಿ ನೋಡಿದರೆ ಕಾಳಿನ ಮೇಲೆ ಅಂಟಿಸಿದ ಬಿಳಿ ಚುಕ್ಕೆಗಳು ಕಾಣುತ್ತವೆ, ಅವು ಮೊಟ್ಟೆಗಳು. ಮೊಟ್ಟೆಯೊಡೆದ ಮರಿಹುಳು ಹೊರಗೆ ಮುಖವನ್ನೇ ತೋರಿಸದೆ ನೇರವಾಗಿ ಕಾಳಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಒಳಗೇ ಬೆಳೆದು, ಕೋಶಾವಸ್ಥೆಗೆ ಹೋಗುವ ಮುನ್ನ ಕಾಳಿನ ಸಿಪ್ಪೆಯನ್ನು ಒಂದು ಕಡೆ ಒಳಗಿನಿಂದ ತೆಳ್ಳಗೆ ಕೆರೆದು ಬಿಟ್ಟಿರುತ್ತದೆ. ಹೊರಗಿನಿಂದ ಅದು ಸಣ್ಣ ದುಂಡು ಕಿಟಕಿಯಂತೆ ಮಸುಕಾಗಿ ಕಾಣುತ್ತದೆ. ಕೆಲವು ದಿನಗಳಲ್ಲಿ ಪ್ರೌಢ ದುಂಬಿ ಆ ಕಿಟಕಿಯನ್ನು ತಳ್ಳಿಕೊಂಡು ಹೊರಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ದುಂಬಿಯವರೆಗಿನ ಈ ಇಡೀ ಸುತ್ತು ಮೂರು, ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಮಡಿಕೇರಿಯ ಚಳಿಯಲ್ಲಿ ಇನ್ನಷ್ಟು ಹಿಡಿಯುತ್ತದೆ. ಮೊಟ್ಟೆ, ಮರಿಹುಳು, ಕೋಶ, ದುಂಬಿ ಎಂಬ ನಾಲ್ಕು ಅವಸ್ಥೆಗಳನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಹೀಗೆ ಒಮ್ಮೆ ನೋಡಿದರೆ ಮುಂದಿನ ಅಭ್ಯಾಸವೆಲ್ಲ ಸಲೀಸಾಗುತ್ತದೆ.

ತೋಟದಲ್ಲಿ ಹುಡುಕಬೇಕಾದ ಜಾಗಗಳು ಐದಾರಷ್ಟೆ. ನೆಲಕ್ಕೊರಗಿ ಕೊಳೆಯುತ್ತಿರುವ ಮರದ ದಿಮ್ಮಿ ಎಲ್ಲಕ್ಕಿಂತ ಶ್ರೀಮಂತವಾದುದು. ದಿಮ್ಮಿಯನ್ನು ನಿಮ್ಮ ಕಡೆಗೆ ಹೊರಳಿಸಿ, ನಿಮ್ಮಿಂದಾಚೆಗೆ ಹೊರಳಿಸಬೇಡಿ. ಹಾವು ಇದ್ದರೆ ಅದಕ್ಕೆ ಆಚೆ ಹೋಗಲು ದಾರಿ ಇರಬೇಕು. ನೋಡಿದ ಮೇಲೆ ಮೊದಲಿದ್ದಂತೆಯೇ ಕೂರಿಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ: ತೊಗಟೆಯನ್ನೆಲ್ಲ ಕಿತ್ತು ಬಿಸಾಡಿದ ದಿಮ್ಮಿ ಒಣಗಿಹೋಗುತ್ತದೆ, ಮುಂದಿನ ವರ್ಷ ಅದರಲ್ಲಿ ಏನೂ ಇರುವುದಿಲ್ಲ. ಎರಡನೆಯದು ದನದ ಸಗಣಿ. ಹಟ್ಟಿಯ ಸಗಣಿಗಿಂತ ಮೇಯಲು ಬಿಟ್ಟ ಜಾಗದಲ್ಲಿ ಬಿದ್ದು ಒಂದು ರಾತ್ರಿ ಕಳೆದ ಸಗಣಿಯಲ್ಲಿ ದುಂಬಿಗಳು ಹೆಚ್ಚು. ನಂತರ ಗಿಡಗಂಟಿಗಳು: ಬಿಳಿಯ ಕೊಡೆಯೊಂದನ್ನು ರೆಂಬೆಯ ಕೆಳಗೆ ಬಿಡಿಸಿ ತಲೆಕೆಳಗು ಹಿಡಿದು, ಕೋಲಿನಿಂದ ರೆಂಬೆಯನ್ನು ಒಮ್ಮೆ ತಟ್ಟಿದರೆ ಮೂತಿಹುಳುಗಳೂ ಎಲೆ ತಿನ್ನುವ ದುಂಬಿಗಳೂ ಅದರೊಳಕ್ಕೆ ಉದುರುತ್ತವೆ. ನೆಲದ ಮೇಲೆ ಓಡಾಡುವ ಬೇಟೆಗಾರ ದುಂಬಿಗಳಿಗೆ, ಬಾಯಿ ನೆಲಮಟ್ಟಕ್ಕೆ ಬರುವಂತೆ ಹುಗಿದ ಒಂದು ಲೋಟ ಸಾಕು. ಅದರಲ್ಲಿ ಏನನ್ನೂ ಸುರಿಯದೆ ಸಂಜೆ ಇಟ್ಟು ಬೆಳಿಗ್ಗೆ ತಪ್ಪದೆ ನೋಡಬೇಕು. ಕೊನೆಯದಾಗಿ ಜಗಲಿಯ ದೀಪ. ಅತ್ತಿ, ಹಲಸು, ಮಾವಿನ ಕಾಂಡಗಳನ್ನು ಕೊರೆಯುವ, ಬೂದು ಮೈ ಮೇಲೆ ಕಿತ್ತಳೆ ಚುಕ್ಕೆಗಳಿರುವ ಉದ್ದ ಮೀಸೆಯ ದೊಡ್ಡ ದುಂಬಿ ನಿಮ್ಮ ಮನೆಯ ದೀಪಕ್ಕೂ ಬರಬಹುದು. ಬೆಳದಿಂಗಳ ರಾತ್ರಿಗಿಂತ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಒಳ್ಳೆಯವು.

ಕಾಲದ ವಿಚಾರಕ್ಕೆ ಬಂದರೆ, ಕಾಫಿ ಹೂ ಅರಳಿಸುವ ಹೂಮಳೆಯ ನಂತರ ಮುಂಗಾರು ಬಲಿಯುವವರೆಗಿನ ತಿಂಗಳುಗಳು, ಅದರಲ್ಲೂ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಮಾರನೆಯ ಸಂಜೆಗಳು ಅತ್ಯುತ್ತಮ. ಜುಲೈ, ಆಗಸ್ಟ್‌ನಲ್ಲಿ ಬರುವ ಕಕ್ಕಡ ಮಾಸದ ಜಡಿಮಳೆಯಲ್ಲಿ ಹುಡುಕಾಟ ಕಷ್ಟ. ಮಳೆ ಹಿಂದೆ ಸರಿದು ಸುಗ್ಗಿಹಬ್ಬವಾದ ಪುತ್ತರಿ ಬರುವವರೆಗೆ ಮತ್ತೊಂದು ಒಳ್ಳೆಯ ಅವಧಿ.

ಜೊತೆಗೊಂದು ನೋಟ್‌ಬುಕ್ ಇರಲಿ. ಹುಳುವಿನ ಹೆಸರು ಗೊತ್ತಾಗದಿದ್ದರೂ ಚಿಂತೆಯಿಲ್ಲ. ಎಲ್ಲಿ ಸಿಕ್ಕಿತು, ಯಾವ ದಿನ, ಯಾವುದರ ಮೇಲೆ ಅಥವಾ ಯಾವುದರೊಳಗೆ, ಏನು ಮಾಡುತ್ತಿತ್ತು ಎಂಬುದನ್ನು ಆ ಜಾಗದಲ್ಲೇ ನಿಂತು ಬರೆಯಿರಿ. ಹೆಸರನ್ನು ಹತ್ತು ವರ್ಷದ ನಂತರವೂ ಯಾರಾದರೂ ಹೇಳಬಲ್ಲರು. ಈ ನಾಲ್ಕು ಸಂಗತಿಗಳನ್ನು ನಿಮ್ಮ ಹೊರತು ಯಾರೂ ಹೇಳಲಾರರು.

ಪ್ರಶ್ನೆ: ನಮ್ಮ ಗೊಬ್ಬರದ ಗುಂಡಿಯಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ತುಂಬಿವೆ. ಕಾಫಿ ಬೇರಿಗೆ ಹಾನಿ ಎಂದು ತೋಟದ ರೈಟರ್ ಹೇಳುತ್ತಾರೆ. ಮಗನಿಗೆ ಅವುಗಳನ್ನು ಸಾಕಿ ಕೊಂಬಿನ ದುಂಬಿಯಾಗುವುದನ್ನು ನೋಡಬೇಕೆಂಬ ಹಟ. ಸಾಕಬಹುದೇ? – ಓದುಗರು, ಸುಂಟಿಕೊಪ್ಪ

ಉತ್ತರ: ಸಾಕಬಹುದು, ಆದರೆ ಮೊದಲು ಅವು ಯಾವ ಬಳಗದವು ಎಂದು ತಿಳಿಯಬೇಕು. ಗೊಬ್ಬರದ ಗುಂಡಿಯಲ್ಲಿ ಕೊಕ್ಕೆಯಂತೆ ಬಾಗಿ ಮಲಗಿರುವ ಗೊಣ್ಣೆಹುಳುಗಳಲ್ಲಿ ಹಲವು ಜಾತಿಗಳಿವೆ. ಒಂದನ್ನು ಸಮತಟ್ಟಾದ ಹಲಗೆಯ ಮೇಲೆ ಬಿಟ್ಟು ನೋಡಿ. ಅದು ತಿರುಗಿ ಬಿದ್ದು, ಕಾಲುಗಳನ್ನು ಮೇಲಕ್ಕೆ ಮಾಡಿ ಬೆನ್ನಿನ ಮೇಲೆಯೇ ಸರಸರನೆ ಹರಿದುಹೋದರೆ ಅದು ಹೂದುಂಬಿಯ ಮರಿ. ಕೊಳೆತ ಎಲೆ, ಮರಗಳನ್ನು ತಿಂದು ಗೊಬ್ಬರ ಮಾಡುವುದೇ ಅದರ ಕೆಲಸ. ಬೇರು ತಿನ್ನುವ ಗೊಣ್ಣೆಹುಳುಗಳು ಇರುವುದು ನಿಜ, ಎಳೆಯ ಕಾಫಿ ಗಿಡಗಳಿಗೆ ಅವುಗಳಿಂದ ತೊಂದರೆಯೂ ಆಗುತ್ತದೆ. ಆದರೆ ಅವು ಗಿಡದ ಬುಡದ ಮಣ್ಣಿನಲ್ಲಿ ಸಿಗುತ್ತವೆ, ಚೆನ್ನಾಗಿ ಕೊಳೆತ ಗೊಬ್ಬರದ ನಡುವೆ ಅಲ್ಲ.

ಹೆಬ್ಬೆರಳು ಗಾತ್ರ ಎಂದು ಬರೆದಿರುವುದರಿಂದ ಎರಡು ಸಾಧ್ಯತೆಗಳಿವೆ. ಒಂದು, ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ. ಇದಕ್ಕೆ ತಲೆಯ ಮೇಲೆ ಒಂದೇ ಕೊಂಬು, ಮೈ ಅಚ್ಚ ಕಪ್ಪು, ಉದ್ದ ಮೂರೂವರೆಯಿಂದ ಐದು ಸೆಂಟಿಮೀಟರ್. ಇದರ ಮರಿಹುಳು ಯಾವ ಗಿಡಕ್ಕೂ ಹಾನಿ ಮಾಡುವುದಿಲ್ಲ. ಹಾನಿ ಮಾಡುವುದು ಪ್ರೌಢ ದುಂಬಿ. ಅದು ಬಿಡಿಸದ ಸುಳಿಯನ್ನು ಕೊರೆಯುವುದರಿಂದ, ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ತುಂಡರಿಸಿದ ಹಾಗೆ ತ್ರಿಕೋನದ ಕಚ್ಚುಗಳು ಕಾಣುತ್ತವೆ. ನಿಮ್ಮಲ್ಲಿ ತೆಂಗು ಇದ್ದರೆ ಈ ಮರಿಗಳನ್ನು ಗುಂಡಿಯಿಂದ ಆರಿಸಿ ತೆಗೆಯುವುದೇ ಸರಿ. ಹಸಿರು ಮಸ್ಕಾರ್ಡಿನ್ ಶಿಲೀಂಧ್ರವನ್ನು ಗುಂಡಿಗೆ ಬೆರೆಸಿಯೂ ಇವುಗಳನ್ನು ಹತೋಟಿಗೆ ತರುತ್ತಾರೆ. ಇನ್ನೊಂದು, ಗಂಡಿಗೆ ತಲೆಯ ಮೇಲೊಂದು ಮತ್ತು ಬೆನ್ನಿನ ಮುಂಭಾಗದಿಂದ ಚಾಚಿದ ಮತ್ತೊಂದು, ಹೀಗೆ ತುದಿ ಕವಲೊಡೆದ ಎರಡು ಕೊಂಬುಗಳಿರುವ ಕಂದುಗಪ್ಪು ದುಂಬಿ. ಕೈಯಲ್ಲಿ ಹಿಡಿದರೆ ಹೊಟ್ಟೆಯ ತುದಿಯನ್ನು ರೆಕ್ಕೆಕವಚಕ್ಕೆ ಉಜ್ಜಿ ಬುಸುಗುಟ್ಟುತ್ತದೆ, ಕಚ್ಚುವುದಿಲ್ಲ. ನಿಮ್ಮ ಮಗ ಸಾಕಲು ಬಯಸುತ್ತಿರುವುದು ಇದನ್ನೇ ಇರಬೇಕು.

ಸಾಕುವ ಕ್ರಮ ಸರಳ, ಬೇಕಾಗುವುದು ತಾಳ್ಮೆ. ಐದು ಲೀಟರ್ ಹಿಡಿಸುವ ಮುಚ್ಚಳದ ಡಬ್ಬಿಗೆ ಗಾಳಿಯಾಡುವಂತೆ ಸಣ್ಣ ತೂತುಗಳನ್ನು ಮಾಡಿ, ಸುಮಾರು ಒಂದು ಗೇಣು ಆಳಕ್ಕೆ ಆಹಾರವನ್ನು ತುಂಬಬೇಕು. ಆಹಾರವೆಂದರೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಕೊಳೆತ ಮರ ಹಾಗೂ ಕಪ್ಪಾದ ತರಗೆಲೆ. ಬರೀ ಮಣ್ಣು ಹಾಕಿದರೆ ಹುಳು ಸೊರಗುತ್ತದೆ. ಹುಳು ಸಿಕ್ಕಿದ ಜಾಗದ ಗೊಬ್ಬರವನ್ನೇ ಅರ್ಧದಷ್ಟು ಸೇರಿಸಿದರೆ ಒಳ್ಳೆಯದು. ಈ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾಗಿ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಕೀಟನಾಶಕ ಹೊಡೆದ ತೋಟದ ತರಗನ್ನು ಖಂಡಿತ ಬಳಸಬೇಡಿ. ಡಬ್ಬಿಯನ್ನು ಬಿಸಿಲು ಬೀಳದ, ಇರುವೆ ಹತ್ತದ ಕಡೆ ಇಡಿ. ಮರಿಹುಳು ಎರಡು ಬಾರಿ ಪೊರೆ ಕಳಚಿ ಮೂರನೆಯ ಹಂತಕ್ಕೆ ಬಂದ ಮೇಲೆ ತಿಂಗಳುಗಟ್ಟಲೆ ತಿನ್ನುತ್ತಲೇ ಇರುತ್ತದೆ. ಮೇಲ್ಭಾಗದಲ್ಲಿ ಕಾಳಿನಂಥ ಹಿಕ್ಕೆಗಳು ತುಂಬಿದಾಗ ಅವನ್ನು ತೆಗೆದು ಹೊಸ ಆಹಾರ ಸೇರಿಸಬೇಕು. ಒಂದೇ ಸಲ ಎಲ್ಲವನ್ನೂ ಬದಲಿಸಬಾರದು, ಅರ್ಧ ಹಳೆಯದೇ ಉಳಿಯಲಿ.

ಮಕ್ಕಳು ಎಡವುವುದು ಇದಾದ ನಂತರ. ತಿನ್ನುವುದನ್ನು ನಿಲ್ಲಿಸಿದ ಹುಳುವಿನ ಮೈ ಹಳದಿಯಾಗಿ ಸುಕ್ಕುಗಟ್ಟುತ್ತದೆ. ಅದು ಡಬ್ಬಿಯ ತಳಕ್ಕೆ ಇಳಿದು, ತನ್ನ ಸುತ್ತ ನುಣುಪಾದ ಗೂಡೊಂದನ್ನು ಒತ್ತಿ ಮಾಡಿಕೊಂಡು ಕೋಶವಾಗುತ್ತದೆ. ಸತ್ತಿತೋ ಏನೋ ಎಂದು ಗೂಡು ಒಡೆದು ನೋಡಿದರೆ ಕೊಂಬು ಸೊಟ್ಟಗಾದ, ರೆಕ್ಕೆ ಕೂಡದ ದುಂಬಿ ಹುಟ್ಟಬಹುದು. ಕೋಶದಿಂದ ಬಂದ ದುಂಬಿಯೂ ಕವಚ ಗಟ್ಟಿಯಾಗುವವರೆಗೆ ಕೆಲವು ವಾರ ಗೂಡಿನಲ್ಲೇ ಇರುತ್ತದೆ. ಆದ್ದರಿಂದ ಹುಳು ತಳ ಸೇರಿದ ಮೇಲೆ ಎರಡು ತಿಂಗಳು ಡಬ್ಬಿಯನ್ನು ಅಲ್ಲಾಡಿಸದೆ, ತೇವ ಮಾತ್ರ ನೋಡಿಕೊಳ್ಳಿ. ದುಂಬಿ ತಾನಾಗಿ ಮೇಲೆ ಬಂದಾಗ ಮಾಗಿದ ಬಾಳೆಹಣ್ಣು ಕೊಡಿ. ಒಂದೇ ಡಬ್ಬಿಯಲ್ಲಿ ಎರಡು ಗಂಡುಗಳನ್ನಿಟ್ಟರೆ ಕಾದಾಡಿ ಕಾಲು ಮುರಿದುಕೊಳ್ಳುತ್ತವೆ. ನೋಡಿ ಸಂತೋಷಪಟ್ಟ ಮೇಲೆ ತಂದ ತೋಟಕ್ಕೇ ಬಿಡಬೇಕು. ನೆಂಟರ ಮನೆಗೆಂದು ಬೇರೆ ಊರಿಗೆ ಒಯ್ಯಬಾರದು.

ಪ್ರಶ್ನೆ: ಅಕ್ಟೋಬರ್ ಕೊನೆಯಲ್ಲಿ ಬಿಸಿಲೇರಿದ ಹೊತ್ತಿಗೆ ಅರೇಬಿಕಾ ಗಿಡದ ಕಾಂಡದ ಮೇಲೆ ಕಪ್ಪು ಮೈಗೆ ಬಿಳಿ ಪಟ್ಟೆಯಿದ್ದ ಸಣಕಲು ದುಂಬಿಯೊಂದು ಚುರುಕಾಗಿ ಓಡಾಡುತ್ತಿತ್ತು. ಇದು ಬೋರರ್ ಇರಬಹುದೇ? ಕಿತ್ತ ಗಿಡಗಳನ್ನು ಸೌದೆಗೆ ಬಳಸಬಹುದೇ? – ಓದುಗರು, ಸೋಮವಾರಪೇಟೆ

ಉತ್ತರ: ತಾವು ಕೊಟ್ಟಿರುವ ಕಾಲ, ಹೊತ್ತು, ಗಿಡ ಮತ್ತು ಬಣ್ಣ ನಾಲ್ಕೂ ಬೋರರ್‌ಗೇ, ಅಂದರೆ ಕಾಫಿಯ ಬಿಳಿ ಕಾಂಡಕೊರಕಕ್ಕೇ ಹೊಂದುತ್ತವೆ. ಹುಳುವಿನ ಚಿತ್ರ ಕಳುಹಿಸದಿದ್ದರೂ ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಆ ವಿವರಗಳಿಂದಲೇ. ಈ ದುಂಬಿ ಉದ್ದ ಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದರೂ ಇದರ ಮೀಸೆ ಮೈಗಿಂತ ಗಿಡ್ಡ. ರೆಕ್ಕೆಕವಚದ ಮೇಲೆ ಅಡ್ಡಕ್ಕೂ ಓರೆಗೂ ಬಿಳಿ ಗೆರೆಗಳಿರುತ್ತವೆ. ಸೌದೆ ಕೊಟ್ಟಿಗೆಯಲ್ಲಿ ಕಾಣುವ, ಮೈಗಿಂತ ಉದ್ದದ ಮೀಸೆಯಿರುವ ಕಂದು ದುಂಬಿಗಳು ಬೇರೆ, ಅವು ಒಣಮರದವು.

ಇದರ ಹಾರಾಟದ ಕಾಲ ವರ್ಷಕ್ಕೆ ಎರಡು: ಏಪ್ರಿಲ್, ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಬಿಸಿಲಿಗೆ ತೆರೆದುಕೊಂಡ ಕಾಂಡದ ತೊಗಟೆಯ ಬಿರುಕುಗಳಲ್ಲಿ ಹೆಣ್ಣು ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ತೊಗಟೆಯ ಅಡಿಯಲ್ಲಿ ತಿನ್ನುತ್ತಾ ಹೋಗುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆಗಳು ಕಾಣುವುದು ಆಗಲೇ. ಆನಂತರ ಮರದೊಳಕ್ಕೆ ಇಳಿದು, ತಾನು ಕೊರೆದ ಸುರಂಗವನ್ನು ತನ್ನದೇ ಪುಡಿಯಿಂದ ಗಟ್ಟಿಯಾಗಿ ತುಂಬಿಕೊಂಡು ಮುಂದುವರಿಯುವುದರಿಂದ ಹೊರಗೆ ಪುಡಿ ಉದುರುವುದಿಲ್ಲ, ಬೆಳೆಗಾರನಿಗೆ ಸುಳಿವೂ ಸಿಗುವುದಿಲ್ಲ. ಎಲೆ ಹಳದಿಯಾಗಿ ಗಿಡ ಬಾಡುವ ಹೊತ್ತಿಗೆ ಒಳಗೆ ತಿಂಗಳುಗಳೇ ಕಳೆದಿರುತ್ತವೆ. ಹಾಗಾಗಿ ಹಾರಾಟಕ್ಕೆ ಮೊದಲೇ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ, ಗಿಡಗಿಡವನ್ನೂ ನೋಡಿ ಬೋರರ್ ಹತ್ತಿದವನ್ನು ಕಿತ್ತು ತೆಗೆಯುವ ಕ್ರಮ ಬಂದಿದೆ.

ಕಿತ್ತ ಗಿಡಗಳನ್ನು ಸೌದೆಯೆಂದು ಮನೆಯ ಹಿಂದೆ ರಾಶಿ ಹಾಕುವುದು ಅಪಾಯ. ಕಾಂಡ ಒಣಗಿದರೂ ಒಳಗಿನ ಹುಳು ಬೆಳೆದು ದುಂಬಿಯಾಗಿ ಹೊರಬಂದು ತೋಟಕ್ಕೇ ಮರಳುತ್ತದೆ. ಕೂಡಲೇ ಸುಡಬೇಕು; ಸೌದೆಗೆ ಬೇಕೇ ಬೇಕೆಂದಿದ್ದರೆ ಒಂದು ವಾರಕ್ಕೂ ಹೆಚ್ಚು ಕಾಲ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟು ಆಮೇಲೆ ಒಣಗಿಸಬೇಕು. ಗಂಡು ದುಂಬಿ ಸೂಸುವ ವಾಸನೆಯ ಮೋಹಕ ರಾಸಾಯನಿಕವನ್ನೇ ತಯಾರಿಸಿ ಬಲೆಗಳಲ್ಲಿಟ್ಟು ಹೆಣ್ಣನ್ನು ಸೆಳೆಯುವ ಉಪಾಯವೂ ಬಳಕೆಯಲ್ಲಿದೆ. ಅದರ ವಿವರಕ್ಕೆ ಹತ್ತಿರದ ಕಾಫಿ ಮಂಡಳಿಯ ಕಚೇರಿಯನ್ನು ಅಥವಾ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವನ್ನು ವಿಚಾರಿಸಿ.

ಇದರ ಜೊತೆ ಕೊಡಗಿನ ಚರಿತ್ರೆಯೂ ಬೆಸೆದುಕೊಂಡಿದೆ. 1860ರ ದಶಕದಲ್ಲಿ ಕೊಡಗು, ಮೈಸೂರು ಸೀಮೆಗಳ ಕಾಫಿ ತೋಟಗಳು ಈ ಹುಳುವಿನಿಂದ ತತ್ತರಿಸಿದಾಗ, ಅದರ ಪರಿಶೀಲನೆಗೆ ನೇಮಕಗೊಂಡವರು ಜಾರ್ಜ್ ಬಿಡೀ ಎಂಬ ವೈದ್ಯರು. ಅವರ ವರದಿ 1869ರಲ್ಲಿ ಹೊರಬಂತು. ಕಾಡನ್ನು ಪೂರ್ತಿ ಬೋಳಿಸಿ ಬಯಲಲ್ಲಿ ಬೆಳೆದ ಕಾಫಿಗೆ ಹಾನಿ ಹೆಚ್ಚು, ನೆರಳಿನ ಕಾಫಿಗೆ ಕಡಿಮೆ ಎಂಬುದನ್ನು ಅವರು ಆಗಲೇ ಗುರುತಿಸಿದ್ದರು. ಈ ಕಾಲದಲ್ಲೂ ನೆರಳುಮರದ ಕೊಂಬೆ ಕಡಿಯುವ ಮರಗಸಿಯ ವೇಳೆ ಕೈ ಬಿಗಿಹಿಡಿಯದೆ ನೆರಳು ತೆಗೆಸಿದ ತಾಕುಗಳಲ್ಲೇ ಬೋರರ್ ಮೊದಲು ಕಾಣಿಸಿಕೊಳ್ಳುವುದನ್ನು ನಮ್ಮ ಸುತ್ತಲಿನ ತೋಟಗಳಲ್ಲಿ ನಾನು ನೋಡುತ್ತಿದ್ದೇನೆ. ಒಂದು ದುಂಬಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ಹಾರುತ್ತದೆ ಎಂದು ಗಮನಿಸಿದ್ದರಿಂದ ಇಡೀ ಜಿಲ್ಲೆಯ ಕೃಷಿಗೆ ದಾರಿ ಸಿಕ್ಕ ಉದಾಹರಣೆ ಇದು.

ಪ್ರಶ್ನೆ: ಪ್ರತಿವರ್ಷ ಬೇಸಿಗೆಯ ಮೊದಲ ಮಳೆ ಬಿದ್ದ ಕೂಡಲೇ ಸಣ್ಣ ಕಪ್ಪು ದುಂಬಿಗಳು ಲಕ್ಷಗಟ್ಟಲೆ ಬಂದು ಹೆಂಚಿನ ಸಂದಿಗಳಲ್ಲಿ ಸೇರಿಕೊಳ್ಳುತ್ತವೆ. ಪಕ್ಕದಲ್ಲಿ ರಬ್ಬರ್ ತೋಟವಿದೆ. ಏನು ಮಾಡುವುದು? – ಓದುಗರು, ಸಂಪಾಜೆ

ಉತ್ತರ: ರಬ್ಬರ್ ತೋಟವಿದೆ ಎಂದು ತಾವು ಬರೆದದ್ದೇ ಉತ್ತರದ ಅರ್ಧಭಾಗ. ಕೇರಳದಲ್ಲಿ ಮುಪ್ಲಿ ಹುಳು ಎಂದು ಕರೆಯುವ ದುಂಬಿ ಇದು; ಉದುರಿದ ಎಳೆಯ ರಬ್ಬರ್ ಎಲೆಯನ್ನು ತಿಂದು ಬೆಳೆಯುತ್ತದೆ. ಮಳೆ ಬೀಳುತ್ತಲೇ ತೋಟ ಬಿಟ್ಟು ಒಣಜಾಗವನ್ನು ಹುಡುಕಿಕೊಂಡು ಮನೆಗಳಿಗೆ ಬಂದು, ಮಳೆಗಾಲವಿಡೀ ಏನೂ ತಿನ್ನದೆ ಗುಂಪಾಗಿ ನಿದ್ರಿಸುತ್ತದೆ. ಅಕ್ಕಿಗಾಗಲಿ ಮರಮುಟ್ಟಿಗಾಗಲಿ ಇದರಿಂದ ಹಾನಿಯಿಲ್ಲ. ಜಜ್ಜಬಾರದು, ಅದು ಸೂಸುವ ದ್ರವಕ್ಕೆ ಘಾಟು ವಾಸನೆಯಿದೆ, ಚರ್ಮದ ಮೇಲೆ ಕಲೆಯೂ ಉರಿಯೂ ಆಗುತ್ತದೆ. ಮೊದಲ ಮಳೆಯ ಸಂಜೆಗಳಲ್ಲಿ ಸೂರಿನ ದೀಪಗಳನ್ನು ಆರಿಸಿ, ಮನೆಯಿಂದ ದೂರದಲ್ಲೊಂದು ದೀಪ ಹಚ್ಚಿ, ಅದರಡಿ ಸಾಬೂನು ನೀರಿನ ಅಗಲ ಪಾತ್ರೆಯನ್ನಿಟ್ಟರೆ ಬಹಳಷ್ಟು ಅಲ್ಲೇ ಬೀಳುತ್ತವೆ. ಮನೆಗೆ ಹತ್ತಿರದ ಸಾಲುಗಳ ತರಗನ್ನು ಮಳೆಗೆ ಮುಂಚೆ ಗುಡಿಸಿ ತೆಗೆಸುವಂತೆ ತೋಟದವರೊಂದಿಗೆ ಮಾತನಾಡಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಏಳುವಾಗ ಕತ್ತಿನ ಮೇಲೆ ಬರೆ ಎಳೆದಂತೆ ಉರಿಯುವ ಗುಳ್ಳೆಗಳು. ಕಿತ್ತಳೆ, ಕಪ್ಪು ಬಣ್ಣದ ಇರುವೆಯಂಥ ಹುಳು ಕಡಿದದ್ದು ಎನ್ನುತ್ತಾರೆ. – ಓದುಗರು, ಕುಶಾಲನಗರ

ಉತ್ತರ: ಅದು ಇರುವೆಯಲ್ಲ, ಗಿಡ್ಡ ರೆಕ್ಕೆಕವಚದ ದುಂಬಿ, ಕಚ್ಚುವುದೂ ಇಲ್ಲ. ನಿದ್ದೆಯಲ್ಲಿ ಅದನ್ನು ಉಜ್ಜಿದಾಗ ಮೈಯೊಳಗಿನ ವಿಷ ಚರ್ಮಕ್ಕೆ ತಗಲಿ, ಅರ್ಧ ದಿನದಿಂದ ಎರಡು ದಿನಗಳೊಳಗೆ ಗುಳ್ಳೆಯೇಳುತ್ತದೆ. ಮೈ ಮೇಲೆ ಕಂಡರೆ ಊದಿ ಹಾರಿಸಿ. ಜಜ್ಜಿಹೋದರೆ ತಕ್ಷಣ ಸಾಬೂನಿನಿಂದ ತೊಳೆಯಿರಿ, ಆ ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ. ಕಣ್ಣಿನ ಬಳಿ ತಗಲಿದ್ದರೆ ವೈದ್ಯರನ್ನು ಕಾಣಬೇಕು. ದೀಪಕ್ಕೆ ಬರುವ ಹುಳು ಇದಾದ್ದರಿಂದ ಕಿಟಕಿಗೆ ಜಾಲರಿ, ಹಾಸಿಗೆಗೆ ಸೊಳ್ಳೆಪರದೆ ಇದ್ದರೆ ಸಾಕು. ಗದ್ದೆಗಳಲ್ಲಿ ಇದೇ ದುಂಬಿ ಭತ್ತದ ಶತ್ರುಕೀಟಗಳನ್ನು ಹಿಡಿದು ತಿನ್ನುತ್ತದೆ.

ಪ್ರಶ್ನೆ: ತಂದೆಯವರು ಸಂಗ್ರಹಿಸಿದ ದುಂಬಿಗಳ ಪೆಟ್ಟಿಗೆಯೊಂದು ನಮ್ಮಲ್ಲಿದೆ. ಪ್ರತಿ ಮಳೆಗಾಲಕ್ಕೂ ಬೂಷ್ಟು ಹಿಡಿಯುತ್ತದೆ, ಕೆಲವು ಪುಡಿಪುಡಿಯಾಗಿವೆ. ಉಳಿಸಿಕೊಳ್ಳುವುದು ಹೇಗೆ? ಹೊಸದಾಗಿ ಸಂಗ್ರಹಿಸುವುದಾದರೆ ಕ್ರಮವೇನು? – ಓದುಗರು, ಭಾಗಮಂಡಲ

ಉತ್ತರ: ಭಾಗಮಂಡಲದ ಮಳೆಯಲ್ಲಿ ಕೀಟಪೆಟ್ಟಿಗೆಯನ್ನು ಕಾಪಾಡುವುದು ಸುಲಭವಲ್ಲ ಎಂದು ಬಲ್ಲೆ. ಬೂಷ್ಟು ಹಿಡಿದವುಗಳನ್ನು ಮೆತ್ತಗಿನ ಬ್ರಷ್‌ಗೆ ಆಲ್ಕೋಹಾಲ್ ಅದ್ದಿ ಒಂದೊಂದಾಗಿ ಒರೆಸಿ, ಚೆನ್ನಾಗಿ ಒಣಗಿಸಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಮಳೆಗಾಲದಲ್ಲಿ ಆಗಾಗ ಅವನ್ನು ಬಿಸಿ ಮಾಡಿ ತೇವ ಕಳೆದು ಮತ್ತೆ ಇಡಬೇಕು. ಪೆಟ್ಟಿಗೆಗಳ ಕಪಾಟಿನ ತಳದಲ್ಲಿ ಸಣ್ಣ ಬಲ್ಬೊಂದನ್ನು ಸದಾ ಉರಿಸುವ ಹಳೆಯ ಉಪಾಯ ಈಗಲೂ ಒಳ್ಳೆಯದೇ. ಒಲೆಯ ಮೇಲಿನ ಅಟ್ಟದಲ್ಲಿಡಬೇಡಿ. ತೇವ ಹೋಗುತ್ತದೆ, ಆದರೆ ಹೊಗೆಯ ಜಿಡ್ಡು ಕವಚದ ಗೆರೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ಪುಡಿಪುಡಿಯಾಗಲು ಕಾರಣ ಒಣಕೀಟಗಳನ್ನು ತಿನ್ನುವ ಇನ್ನೊಂದು ಪುಟ್ಟ ದುಂಬಿಯ ರೋಮದ ಮರಿಹುಳು. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿಟ್ಟರೆ ಅದು ಸಾಯುತ್ತದೆ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಒಳಗೆ ಹನಿ ಕಟ್ಟುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಸೂಜಿಯ ಕೆಳಗಿನ ಚೀಟಿ. ತಂದೆಯವರು ಚೀಟಿ ಬರೆದಿದ್ದರೆ, ದುಂಬಿ ಪುಡಿಯಾಗಿದ್ದರೂ ಅದನ್ನು ಎಸೆಯಬೇಡಿ. ಊರು, ತಾರೀಖು ಇರುವ ಒಂದು ಕಾಲು, ಒಂದು ರೆಕ್ಕೆಕವಚ ಕೂಡ ಅಷ್ಟು ವರ್ಷಗಳ ಹಿಂದೆ ಆ ಊರಿನಲ್ಲಿ ಆ ಜೀವಿ ಇತ್ತು ಎಂಬುದಕ್ಕೆ ಪುರಾವೆ. ಚೀಟಿಯಿಲ್ಲದ, ಕಣ್ಣು ಕುಕ್ಕುವ ಬಣ್ಣದ ನೂರು ದುಂಬಿಗಳಿಗೆ ಅಭ್ಯಾಸದ ದೃಷ್ಟಿಯಿಂದ ಬೆಲೆಯಿಲ್ಲ. ಚೀಟಿಗಳು ಬೇರೆಯಾಗಿ ಬಿದ್ದಿದ್ದರೆ, ಪೆಟ್ಟಿಗೆಯಲ್ಲಿ ಅವು ಎಲ್ಲೆಲ್ಲಿವೆಯೋ ಹಾಗೆಯೇ ಮೊದಲು ಫೋಟೊ ತೆಗೆದುಕೊಂಡು ಆಮೇಲೆ ಕೈ ಹಾಕಿ.

ಹೊಸದಾಗಿ ಸೂಜಿ ಚುಚ್ಚುವಾಗ ದುಂಬಿಯ ಬಲ ರೆಕ್ಕೆಕವಚದ ಮೇಲ್ಭಾಗದಲ್ಲಿ ಚುಚ್ಚಿ, ನಡುಗ್ಗಾಲು ಮತ್ತು ಹಿಂಗಾಲುಗಳ ನಡುವೆ ಹೊರಬರುವಂತೆ ನೋಡಿಕೊಳ್ಳಬೇಕು. ನಡುಗೆರೆಯೂ ಎಡಭಾಗವೂ ಪೂರ್ತಿ ಉಳಿಯಲಿ ಎಂಬುದು ಇದರ ಉದ್ದೇಶ. ಮನೆಯ ಗುಂಡುಸೂಜಿ ತುಕ್ಕು ಹಿಡಿದು ಹುಳುವನ್ನು ಒಡೆಯುತ್ತದೆ. ಕೀಟಗಳಿಗೆಂದೇ ಮಾಡಿದ ಉದ್ದನೆಯ ಸೂಜಿಗಳಲ್ಲಿ 2 ಅಥವಾ 3ನೇ ನಂಬರಿನವು ಸಾಮಾನ್ಯ ಗಾತ್ರದ ದುಂಬಿಗೆ ಸರಿ. ತೀರ ಸಣ್ಣವನ್ನು ಚುಚ್ಚಲೇಬಾರದು. ತ್ರಿಕೋನವಾಗಿ ಕತ್ತರಿಸಿದ ದಪ್ಪ ಕಾಗದದ ತುದಿಗೆ ಅಂಟಿಸಿ, ಆ ಕಾಗದಕ್ಕೆ ಸೂಜಿ ಚುಚ್ಚುತ್ತಾರೆ. ಚೀಟಿಯಲ್ಲಿ ರಾಜ್ಯ, ಜಿಲ್ಲೆ, ಊರು, ಸಮುದ್ರಮಟ್ಟದಿಂದ ಎತ್ತರ, ತಾರೀಖು, ಸಿಕ್ಕಿದ ಗಿಡ ಅಥವಾ ನೆಲೆ, ಸಂಗ್ರಾಹಕರ ಹೆಸರು ಇರಬೇಕು. 'ಕೊಡಗು' ಎಂದಷ್ಟೇ ಬರೆದರೆ ಸಾಲದು. ಮಾಕುಟ್ಟದ ಮಳೆಕಾಡಿಗೂ ಕುಶಾಲನಗರದ ಒಣಪ್ರದೇಶಕ್ಕೂ ದುಂಬಿಗಳಲ್ಲಿ ಬಹಳ ವ್ಯತ್ಯಾಸವಿದೆ. ಜೆಲ್ ಪೆನ್ನಿನ ಬರಹ ಮಾಸುತ್ತದೆ. ಪೆನ್ಸಿಲ್ ಅಥವಾ ನೀರಿಗೆ ಕರಗದ ಕಪ್ಪು ಶಾಯಿ ಬಳಸಿ.

ಕೊಲ್ಲುವ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಫೋಟೊದಿಂದ ಗುರುತಿಸಬಹುದಾದುದನ್ನು ಕೊಲ್ಲಬೇಕಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡದೆ ತಿಳಿಯದ ಜಾತಿಗಳು ಬಹಳವಿರುವುದರಿಂದ ಗಂಭೀರ ಅಭ್ಯಾಸಕ್ಕೆ ಒಂದೆರಡು ಮಾದರಿಗಳು ಬೇಕಾಗುವುದೂ ನಿಜ. ಅಂಥವನ್ನು ಸಣ್ಣ ಡಬ್ಬಿಯಲ್ಲಿ ಎರಡು ದಿನ ಫ್ರೀಜರ್‌ನಲ್ಲಿಡುವುದು ಮನೆಯಲ್ಲಿ ಮಾಡಬಹುದಾದ ಸುರಕ್ಷಿತ ವಿಧಾನ. ತಂದೆಯವರ ಪೆಟ್ಟಿಗೆಯನ್ನು ನೋಡಿಕೊಳ್ಳುವುದು ಮುಂದೆ ಕಷ್ಟವೆನಿಸಿದರೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಂಥ ಸಂಸ್ಥೆಯೊಂದಕ್ಕೆ ಒಪ್ಪಿಸುವ ಬಗ್ಗೆ ವಿಚಾರಿಸಿ.

ಪ್ರಶ್ನೆ: ಜಿಂಕೆಯ ಕೊಂಬಿನಂಥ ದವಡೆಯಿರುವ ದೊಡ್ಡ ದುಂಬಿಯ ಚಿತ್ರ ಹಾಕಿದ್ದಕ್ಕೆ ಹೊರಗಿನವರೊಬ್ಬರು ಫೋನ್ ಮಾಡಿ, ಜೀವಂತ ಕಳುಹಿಸಿದರೆ ಹಣ ಕೊಡುತ್ತೇವೆ ಎಂದರು. ನಮ್ಮ ತೋಟ ನಾಗರಹೊಳೆ ಅಂಚಿನಲ್ಲಿದೆ. ಆನೆ ಲದ್ದಿಯಲ್ಲೂ ದೊಡ್ಡ ದುಂಬಿಗಳಿವೆ. ಇವನ್ನು ಹಿಡಿಯಬಹುದೇ? – ಓದುಗರು, ತಿತಿಮತಿ

ಉತ್ತರ: ದಯವಿಟ್ಟು ಒಂದನ್ನೂ ಕಳುಹಿಸಬೇಡಿ. ಜಪಾನ್ ಮುಂತಾದ ಕಡೆ ಇಂಥ ದುಂಬಿಗಳನ್ನು ಸಾಕುವ ಹವ್ಯಾಸ ದೊಡ್ಡದು. ದಕ್ಷಿಣ ಭಾರತದಲ್ಲಿ ಮಾತ್ರ ಸಿಗುವ, ಹಳದಿಗಂದು ಕವಚದ ಸಾರಂಗ ದುಂಬಿಗೆ ಅಲ್ಲಿ ಬೇಡಿಕೆ ಇರುವುದರಿಂದಲೇ ನಿಮಗೆ ಫೋನ್ ಬಂದಿರಬೇಕು. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿಧಾಮಗಳ ಒಳಗೆ ಅನುಮತಿಯಿಲ್ಲದೆ ಯಾವ ಕೀಟವನ್ನೂ ಹಿಡಿಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಜೊತೆಗೆ 2002ರ ಜೀವವೈವಿಧ್ಯ ಕಾಯಿದೆಯೂ ಇದೆ. ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ದುಂಬಿ ಮೊದಲಾದ ಕೀಟಗಳನ್ನು ಸಂಗ್ರಹಿಸಿದ ಇಬ್ಬರು ಜೆಕ್ ಪ್ರಜೆಗಳನ್ನು 2008ರಲ್ಲಿ ಬಂಧಿಸಿ, ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ದೇವರಕಾಡುಗಳಲ್ಲಿ ಕೂಡ ಕೈ ಹಾಕಬಾರದು. ಅಲ್ಲಿನ ಬಿದ್ದ ಮರ ಬಿದ್ದಲ್ಲೇ ಕೊಳೆಯಲು ಬಿಟ್ಟಿರುವುದರಿಂದ ತಾನೆ ಸಾರಂಗ ದುಂಬಿಯ ಮರಿಗಳಿಗೆ ಆಹಾರ ಉಳಿದಿದೆ.

ಆನೆ ಲದ್ದಿಯ ದೊಡ್ಡ ದುಂಬಿಗಳನ್ನು ನಿಮ್ಮ ತೋಟದೊಳಗೇ ನಿಂತು ನೋಡುವ ಭಾಗ್ಯ ನಿಮಗಿದೆ. ಐದು ಸೆಂಟಿಮೀಟರ್ ಮೀರುವ ಈ ಜೀವಿ ಲದ್ದಿಯ ಅಡಿಯಲ್ಲಿ ಆಳಕ್ಕೆ ಸುರಂಗ ತೋಡಿ, ಲದ್ದಿಯನ್ನು ಒಳಕ್ಕೆಳೆದು, ಮಣ್ಣು ಮೆತ್ತಿದ ದಪ್ಪ ಉಂಡೆಗಳನ್ನು ಮಾಡಿ ಒಂದೊಂದರೊಳಗೆ ಒಂದೊಂದು ಮೊಟ್ಟೆಯಿಡುತ್ತದೆ. ಯಾವ ತಿಂಗಳು ಬರುತ್ತವೆ, ಲದ್ದಿ ಬಿದ್ದ ಎಷ್ಟು ಹೊತ್ತಿಗೆ ಬರುತ್ತವೆ, ಬಿಸಿಲಿನ ಜಾಗದ ಲದ್ದಿಗೂ ನೆರಳಿನದಕ್ಕೂ ವ್ಯತ್ಯಾಸವಿದೆಯೇ ಎಂದು ಒಂದು ವರ್ಷ ಬರೆದಿಡಿ. ಆನೆ ಇನ್ನೂ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೋಗಬೇಕೆಂದು ತಿತಿಮತಿಯವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಮಿಂಚುಹುಳಗಳು ನಮ್ಮಲ್ಲಿ ಕಡಿಮೆಯಾಗಿವೆ. ಮತ್ತೆ ಬರುವಂತೆ ಮಾಡಬಹುದೇ? – ಓದುಗರು, ವಿರಾಜಪೇಟೆ

ಉತ್ತರ: ಬೇರೆ ಕಡೆಯಿಂದ ತಂದು ಬಿಡುವುದರಿಂದ ಪ್ರಯೋಜನವಿಲ್ಲ. ಗಂಡು ಹೆಣ್ಣುಗಳು ಒಂದನ್ನೊಂದು ಕಂಡುಕೊಳ್ಳುವುದು ಬೆಳಕಿನ ಮೂಲಕ. ಮೇ, ಜೂನ್ ತಿಂಗಳಲ್ಲಿ ಹೋಂಸ್ಟೇಯ ಫ್ಲಡ್‌ಲೈಟ್‌ಗಳು ಇಡೀ ಇಳಿಜಾರನ್ನು ಬೆಳಗುತ್ತಿದ್ದರೆ ಅವು ಜೊತೆಗೂಡಲಾರವು. ಮರಿಹುಳುಗಳು ತೇವದ ನೆಲದಲ್ಲಿ ಬಸವನಹುಳುಗಳನ್ನು ತಿಂದು ಬೆಳೆಯುತ್ತವೆ. ತೋಡಿನ ಬದಿಯ ಕಳೆಗೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿ, ಅಂಗಳದ ದೀಪವನ್ನು ಆ ಎರಡು ತಿಂಗಳು ರಾತ್ರಿ ಆರಿಸಿ ನೋಡಿ.

ಪ್ರಶ್ನೆ: ಕಿತ್ತಳೆ ಗಿಡದಲ್ಲಿ ಹಿಟ್ಟುತಿಗಣೆ ಬಂದಿದೆ. ಅವುಗಳ ನಡುವೆ ಸ್ವಲ್ಪ ದೊಡ್ಡದಾದ, ಬಿಳಿಯ ಜೂಲಿನ ಹಿಟ್ಟುತಿಗಣೆಗಳು ಚುರುಕಾಗಿ ಓಡಾಡುತ್ತಿವೆ. ಯಾವ ಔಷಧಿ ಹೊಡೆಯಲಿ? – ಓದುಗರು, ಅಮ್ಮತ್ತಿ

ಉತ್ತರ: ಓಡಾಡುತ್ತಿರುವವು ಹಿಟ್ಟುತಿಗಣೆಗಳಲ್ಲ, ಅವನ್ನು ತಿನ್ನುವ ಗುಲಗಂಜಿ ದುಂಬಿಯ ಮರಿಗಳಾಗಿರುವ ಸಂಭವವೇ ಹೆಚ್ಚು. ಆಸ್ಟ್ರೇಲಿಯ ಮೂಲದ ಈ ದುಂಬಿಯನ್ನು ಭಾರತಕ್ಕೆ ತಂದದ್ದು 1898ರಲ್ಲಿ, ಕಾಫಿಯ ಹಸಿರು ಶಲ್ಕಕೀಟದ ಹತೋಟಿಗೆಂದು. ಆ ಕೆಲಸಕ್ಕೆ ಅದು ಒದಗಲಿಲ್ಲ. ಹಿಟ್ಟುತಿಗಣೆಗಳ ಮೇಲೆ ಮಾತ್ರ ಬಹಳ ಪರಿಣಾಮಕಾರಿ ಎಂದು ಮುಂದೆ ತಿಳಿಯಿತು. ಮರಿಗೂ ಮೈ ತುಂಬ ಮೇಣದ ಬಿಳಿ ಎಳೆಗಳಿರುವುದರಿಂದ ಔಷಧಿ ಹೊಡೆಯುವವರ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಒಂದನ್ನು ಕಡ್ಡಿಯಿಂದ ಮೆಲ್ಲಗೆ ತಿರುಗಿಸಿ ನೋಡಿ: ಹಿಟ್ಟುತಿಗಣೆಯಾದರೆ ಕೂತಲ್ಲೇ ನಿಧಾನವಾಗಿ ಕದಲುತ್ತದೆ, ದುಂಬಿಯ ಮರಿಯಾದರೆ ಕಾಲುಗಳು ಸ್ಪಷ್ಟವಾಗಿ ಕಂಡು, ಬಿಟ್ಟೊಡನೆ ಓಡುತ್ತದೆ. ಮರಿಗಳು ಇರುವ ರೆಂಬೆಗಳಿಗೆ ದಾರ ಕಟ್ಟಿ ಗುರುತು ಮಾಡಿ, ಆ ಗಿಡಗಳಿಗೆ ಸದ್ಯ ಏನನ್ನೂ ಹೊಡೆಯದೆ ಬಿಡಿ. ಮೂರು ವಾರಗಳ ನಂತರ ಹಿಟ್ಟುತಿಗಣೆ ಎಷ್ಟು ಉಳಿದಿದೆ ಎಂದು ನಮಗೂ ಬರೆದು ತಿಳಿಸಿ. ಪತ್ರದಲ್ಲಿ ತಾರೀಖು ಇರಲಿ.